ಸ್ಕೇಲಿಗೆ ಸಿಗದ ತೀರ

2025 ನವೆಂಬರ್ 15, ಶನಿವಾರ, ರಾತ್ರಿ

ಮಕ್ಕಳು ಮಲಗಿದ್ದಾರೆ. ಊಟದ ಮೇಜಿನ ಮೇಲೆ ನಕ್ಷೆ ಹರಡಿದ್ದು ಹರಡಿದಂತೆಯೇ ಇದೆ, ಅದರ ಮೇಲೊಂದು ಸ್ಕೇಲು, ಕೆಂಪು ನೂಲಿನ ಉಂಡೆ. ಫೋನಿನಲ್ಲೇ ನಕ್ಷೆ ಇರುವಾಗ ಕಾಗದದ್ದು ಯಾಕೆ ಎಂದು ಇವರು ಗೊಣಗಿದರು. ಒಂದು ಫೋನಿನ ಮೇಲೆ ನಾಲ್ಕು ತಲೆ ಬಗ್ಗಿಸುವುದು ಹೇಗೆ? ಚಿಕ್ಕವನ ಕೈಗೆ ಅದು ಸಿಕ್ಕರಂತೂ ನಕ್ಷೆ ಹೋಗಿ ಕಾರ್ಟೂನು ಬಂದಿರುತ್ತದೆ.

ಕಾರಿನಲ್ಲಿ ಕರಾವಳಿ ಪ್ರವಾಸ: ಡಿಸೆಂಬರ್ 20ಕ್ಕೆ ಹೊರಡುವುದು, 26ಕ್ಕೆ ಮನೆ ಸೇರುವುದು. ಜಗಳವಿಲ್ಲದೆ ತೀರ್ಮಾನವಾದದ್ದು ಇಷ್ಟೇ.

ಇವರ ಲೆಕ್ಕ ಆರು ರಾತ್ರಿಗೆ ಆರು ಊರು. ದಿನಾ ಬೆಳಿಗ್ಗೆ ಗಂಟುಮೂಟೆ ಕಟ್ಟು, ಸಂಜೆ ಬಿಚ್ಚು. "ದಿನಕ್ಕೆ ನೂರು ಚಿಲ್ಲರೆ ಕಿಲೋಮೀಟರ್, ಅಷ್ಟೇ ತಾನೆ" ಎಂದು ಸ್ಕೇಲಿಟ್ಟು ತೋರಿಸಿದರು. ದೊಡ್ಡವಳಿಗೆ ಈಗ ಒಂಬತ್ತು, ಅಳತೆಯ ಹುಚ್ಚಿನ ವಯಸ್ಸು. ಸ್ಕೇಲು ಕಿತ್ತುಕೊಂಡು ತಾನೇ ಅಳೆದಳು: ತುದಿಯಿಂದ ತುದಿಗೆ 31 ಸೆಂಟಿಮೀಟರ್. ಆಮೇಲೆ ರಸ್ತೆಯ ಅಂಕುಡೊಂಕಿನ ಮೇಲೆ ನೂಲನ್ನು ಒತ್ತಿ ಒತ್ತಿ ಕೂರಿಸಿ ಎಳೆದು ನೋಡಿದರೆ 44. "ಅಮ್ಮಾ, ನೂಲು ಸುಳ್ಳು ಹೇಳ್ತಿದೆ."

ನೂಲು ಸುಳ್ಳು ಹೇಳುತ್ತಿರಲಿಲ್ಲ. ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ಇಂಗ್ಲಿಷ್ ವಿಜ್ಞಾನಿಯ ಕಥೆ ಹೇಳಿದೆ. ದೇಶದೇಶಗಳ ಗಡಿಯ ಉದ್ದಗಳನ್ನು ಕೂಡಿಹಾಕುತ್ತಿದ್ದ ಆತನಿಗೆ, ಸ್ಪೇನ್–ಪೋರ್ಚುಗಲ್ ನಡುವಿನ ಒಂದೇ ಗಡಿ ಒಂದು ಕಡೆ 987 ಕಿಲೋಮೀಟರ್ ಎಂದೂ ಇನ್ನೊಂದು ಕಡೆ 1,214 ಎಂದೂ ದಾಖಲಾಗಿರುವುದು ಕಂಡಿತು. ಅಳತೆಗೋಲು ಚಿಕ್ಕದಾದಷ್ಟೂ ಹೆಚ್ಚು ತಿರುವು ಸಿಕ್ಕಿಬೀಳುತ್ತವೆ, ಉದ್ದವೂ ಬೆಳೆಯುತ್ತದೆ. 1967ರಲ್ಲಿ ಗಣಿತಜ್ಞ ಮ್ಯಾಂಡೆಲ್‌ಬ್ರಾಟ್ ಇದೇ ಎಳೆ ಹಿಡಿದು, ಬ್ರಿಟನ್ನಿನ ಕರಾವಳಿ ನಿಜಕ್ಕೂ ಎಷ್ಟು ಉದ್ದ ಎಂದು ಕೇಳಿದ. ಅವಳು ಕೊಂಚ ಯೋಚಿಸಿ, "ಹಾಗಾದ್ರೆ ಇರುವೆಗೆ ಸಮುದ್ರತೀರ ಎಷ್ಟುದ್ದ ಇರುತ್ತೆ?" ಎಂದಳು.

ಆ ಪ್ರಶ್ನೆಯಿಂದ ನನ್ನ ವಾದಕ್ಕೆ ಬಲ ಬಂತು. ಮಕ್ಕಳನ್ನು ಕಟ್ಟಿಕೊಂಡು ಹೊರಟರೆ ನಮ್ಮದೂ ಇರುವೆಯ ಅಳತೆಯೇ. ಒಬ್ಬನಿಗೆ ಬಾಯಾರಿಕೆ, ಇನ್ನೊಬ್ಬಳಿಗೆ ಮೂತ್ರ, ಅದು ಮುಗಿಯುವಷ್ಟರಲ್ಲಿ ಮೊದಲಿನವನಿಗೂ ಮೂತ್ರ. ಕರಾವಳಿಯ ರಸ್ತೆ ಮೊದಲೇ ಬಳುಕು, ನದಿ ಕಡಲು ಸೇರುವಲ್ಲೆಲ್ಲ ಸೇತುವೆ ಹುಡುಕಿಕೊಂಡು ಒಳನಾಡಿಗೆ ಹೋಗಿ ಬರುತ್ತದೆ. ಫೋನು ಮೂರು ಗಂಟೆ ಎಂದರೆ ನಾನು ಐದು ಎಂದು ಬರೆದುಕೊಳ್ಳುತ್ತೇನೆ. ಎರಡು ಗಂಟೆಗಿಂತ ಹೆಚ್ಚು ಯಾರೂ ಸೀಟಿನಲ್ಲಿ ಕೂತಿರಬಾರದು, ಓಡಿಸುವವರೂ ಸೇರಿ. ಅರ್ಧ ಗಂಟೆ ಎಳೆದಾಡಿದ ಮೇಲೆ ಆರು ಊರು ಮೂರಾಯಿತು, ಒಂದೊಂದರಲ್ಲಿ ಎರಡೆರಡು ರಾತ್ರಿ.

ಇನ್ನು ಯಾವ ತುದಿಯಿಂದ ಶುರು? ನೋಡುವುದಕ್ಕೆ ಸಣ್ಣ ವಿಷಯ, ಆದರೆ ಇಡೀ ಪ್ರವಾಸ ನಿಂತಿರುವುದು ಇದರ ಮೇಲೆ. ವಾಹನ ರಸ್ತೆಯ ಎಡಕ್ಕೆ ಓಡುವ ದೇಶದಲ್ಲಿ ಸಮುದ್ರವೂ ಎಡಕ್ಕೇ ಇರುವಂತೆ ಹೊರಡಬೇಕು. ಆಗ ಕಡಲಿಗೂ ನಮಗೂ ನಡುವೆ ಎದುರು ಬರುವ ಲಾರಿಗಳ ಸಾಲಿರುವುದಿಲ್ಲ. ಒಳ್ಳೆಯ ಜಾಗ ಕಂಡರೆ ರಸ್ತೆ ಅಡ್ಡ ಹಾಯದೆ ಹಾಗೆಯೇ ಬದಿಗೆ ಸರಿದು ನಿಲ್ಲಬಹುದು, ಮತ್ತೆ ಸುಲಭವಾಗಿ ರಸ್ತೆ ಸೇರಬಹುದು. ಬಲಕ್ಕೆ ಓಡಿಸುವವರಿಗೆ ಇದೆಲ್ಲ ತಿರುವುಮುರುವು. ನಾವು ಹೋಗುವುದು ಪಶ್ಚಿಮಕ್ಕೆ ಮುಖ ಮಾಡಿದ ತೀರ, ಅಂದರೆ ದಕ್ಷಿಣದಿಂದ ಉತ್ತರಕ್ಕೆ ಬರಬೇಕು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಬಿಸಿಲು ಬೆನ್ನಿಗೆ ಬೀಳುತ್ತದೆ, ಓಡಿಸುವವರ ಕಣ್ಣಿಗಲ್ಲ. ಬೆಳಿಗ್ಗೆಯೇ ಹೊರಟರೆ ಬೆಳಕು ಪೂರ್ವದಿಂದ ಬಿದ್ದು ಸಮುದ್ರ ನೀಲಿಯಾಗಿ ಕಾಣುತ್ತದೆ. ಮಧ್ಯಾಹ್ನದ ಮೇಲೆ ಅದೇ ಸಮುದ್ರ ಕಣ್ಣು ಕುಕ್ಕುವ ತಗಡು.

ಇವರಿಗೆ ಒಪ್ಪಿಗೆಯಾಗಲಿಲ್ಲ. ದಕ್ಷಿಣದ ತುದಿ ಮುಟ್ಟಲು ಮೊದಲ ದಿನವಿಡೀ ಒಳನಾಡಿನ ಹೆದ್ದಾರಿಯಲ್ಲೇ ಹೋಗಬೇಕು. ಸಮುದ್ರ ನೋಡಲು ಹೊರಟು ಸಂಜೆಯವರೆಗೂ ಸಮುದ್ರವೇ ಕಾಣದಿದ್ದರೆ ಮಕ್ಕಳು ಸುಮ್ಮನಿರುತ್ತಾರೆಯೇ ಎಂದು ಕೇಳಿದರು. ನ್ಯಾಯವಾದ ಮಾತೇ. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ಗೋಡೆಯ ಕ್ಯಾಲೆಂಡರಿನಲ್ಲಿ. 19ಕ್ಕೆ ಅಮಾವಾಸ್ಯೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬಂದು ಸೆಳೆತ ಒಗ್ಗೂಡುತ್ತದೆ. ಉಬ್ಬರ ಹೆಚ್ಚು ಮೇಲೇರುತ್ತದೆ, ಇಳಿತ ಹೆಚ್ಚು ಕೆಳಗಿಳಿಯುತ್ತದೆ. ಅದರ ಜೋರು ಸಾಮಾನ್ಯವಾಗಿ ಒಂದೆರಡು ದಿನ ಬಿಟ್ಟು ಕಾಣುತ್ತದೆ. 27ರ ಆಸುಪಾಸಿಗೆ ಅರ್ಧಚಂದ್ರ, ಆಗ ಏರಿಳಿತ ಕುಗ್ಗುತ್ತದೆ. ಬಂಡೆಗಳ ನಡುವಿನ ಗುಂಡಿಗಳು ನೀರಿಳಿದಾಗ ತೆರೆದುಕೊಂಡು ಏಡಿ, ನಕ್ಷತ್ರಮೀನು ಕಾಣಿಸುವುದಿದ್ದರೆ 21, 22ರಂದೇ ಚೆನ್ನಾಗಿ ಕಾಣಬೇಕು. ನಮ್ಮ ದಾರಿಯಲ್ಲಿ ಬಂಡೆಗಳಿರುವುದು ದಕ್ಷಿಣದ ತುದಿಯಲ್ಲಿ ಮಾತ್ರ, ಉತ್ತರಕ್ಕೆ ಬರೀ ಮರಳು. ಇವರು ಕ್ಯಾಲೆಂಡರ್ ನೋಡಿದರು, ನನ್ನ ಮುಖ ನೋಡಿದರು, ಕಾಫಿ ಮಾಡಲು ಎದ್ದುಹೋದರು.

ಉಬ್ಬರವಿಳಿತದ ಪಟ್ಟಿಯನ್ನು ಇಳಿಸಿಟ್ಟುಕೊಂಡೆ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ದಿನದಿಂದ ದಿನಕ್ಕೆ ಹೊತ್ತು ಸುಮಾರು 50 ನಿಮಿಷ ಮುಂದೆ ಜಾರುತ್ತದೆ. ಮೊನ್ನೆಯ ಸಮಯ ನೆಚ್ಚಿಕೊಂಡು ಹೋದರೆ ಫೋಟೋದಲ್ಲಿ ಕಂಡ ಬೀಚೇ ಅಲ್ಲಿರುವುದಿಲ್ಲ, ನೀರಿನಡಿ ಇರುತ್ತದೆ. ನೀರು ಪೂರ್ತಿ ಇಳಿಯುವುದಕ್ಕೆ ಒಂದು ಗಂಟೆ ಮೊದಲೇ ಬಂಡೆಗಳ ಹತ್ತಿರ ಇರಬೇಕು, ನೀರು ಮತ್ತೆ ಏರತೊಡಗಿದ ಕೂಡಲೇ ಎದ್ದುಬರಬೇಕು, "ಇನ್ನೈದೇ ನಿಮಿಷ" ಎಂಬ ಗೋಗರೆತಕ್ಕೆ ಕಿವಿಗೊಡಬಾರದು.

ವಾಂತಿಯ ವಿಷಯ. ಕಳೆದ ಸಲ ಘಾಟಿಯಲ್ಲಿ ಆದದ್ದನ್ನು ಇಲ್ಲಿ ವರ್ಣಿಸುವುದಿಲ್ಲ, ಸೀಟಿನ ಬಟ್ಟೆಗೆ ಇನ್ನೂ ನೆನಪಿದೆ. ಒಳಕಿವಿ "ತಿರುಗುತ್ತಿದ್ದೇವೆ" ಎನ್ನುತ್ತದೆ, ಪುಸ್ತಕದಲ್ಲೋ ಟ್ಯಾಬಿನಲ್ಲೋ ನೆಟ್ಟ ಕಣ್ಣು "ಇಲ್ಲ, ಕೂತೇ ಇದ್ದೇವೆ" ಎನ್ನುತ್ತದೆ. ಈ ತಕರಾರಿಗೆ ಹೊಟ್ಟೆ ದಂಡ ತೆರುತ್ತದೆ. ಎರಡರಿಂದ ಹನ್ನೆರಡರ ವಯಸ್ಸಿನವರಿಗೆ ಇದು ಹೆಚ್ಚಂತೆ, ನಮ್ಮ ಇಬ್ಬರೂ ಅದರೊಳಗೇ ಬರುತ್ತಾರೆ. ಹಾಗಾಗಿ ಮಕ್ಕಳನ್ನು ತೆಪ್ಪಗಿರಿಸುವ ಏಕೈಕ ಯಂತ್ರವನ್ನು ತಿರುವಿನ ರಸ್ತೆಯಲ್ಲಿ ಮುಚ್ಚಿಡಬೇಕು. ಅದರ ಬದಲಿಗೆ ಆಡಿಯೋ ಕಥೆ, ದೂರದ ದಿಗಂತ ನೋಡುವ ಆಟ, ತುಸು ತೆರೆದ ಕಿಟಕಿ, ಹೊರಡುವ ಮುಂಚೆ ಹಗುರ ತಿಂಡಿ. ಮಾತ್ರೆ ಕೊಡಬಹುದೋ ಬೇಡವೋ ಎಂದು ಡಾಕ್ಟರನ್ನು ಕೇಳಬೇಕು. ಗಟ್ಟಿ ಪ್ಲಾಸ್ಟಿಕ್ ಚೀಲ ಕೈಗೆಟಕುವಲ್ಲಿ ಇರಲಿ, ಡಿಕ್ಕಿಯಲ್ಲಲ್ಲ!

ಊಟದ ನಂತರ ದೊಡ್ಡವಳಿಗೆ ನಕ್ಷೆಯ ಬೆನ್ನಿಗೆ ಚಿತ್ರ ಬರೆದು ಕಡಲ ನೀರಿನ ಸೆಳೆತ ವಿವರಿಸಿದೆ. ದಡಕ್ಕೆ ಬಂದ ನೀರು ಒಂದು ಕಿರಿದಾದ ಕಾಲುವೆಯಂತೆ ಸಮುದ್ರಕ್ಕೆ ಹಿಂದಿರುಗುವ ಜಾಗವೇ ಸೆಳೆತ. ಅಲ್ಲಿ ಅಲೆ ಒಡೆಯುವುದು ಕಡಿಮೆ, ಆದ್ದರಿಂದಲೇ ಶಾಂತವಾಗಿ ಕಂಡು ಮೋಸ ಮಾಡುತ್ತದೆ. ಸಿಕ್ಕಿಬಿದ್ದರೆ ದಡದತ್ತ ನೇರವಾಗಿ ಸೆಣಸಬಾರದು. ತೇಲಿಕೊಂಡು ಕೈಯೆತ್ತಿ ಕೂಗಬೇಕು, ಈಜುವ ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ಅದರಿಂದ ಹೊರಬರಬೇಕು. ಹೆದರಿಸಿದೆನೇನೋ ಅನ್ನಿಸಿತು. ಅವಳು ಆ ಕಾಲುವೆಗೆ ನೀಲಿ ಬಣ್ಣ ತುಂಬಿ, ಪಕ್ಕಕ್ಕೆ ಬಾಣ ಎಳೆದು ತಮ್ಮನಿಗೆ ಪಾಠ ಶುರು ಮಾಡಿದಳು. ನಾಲ್ಕು ವರ್ಷದ ಅವನಿಗೆ ನಿಯಮ ಒಂದೇ: ನಮ್ಮಲ್ಲೊಬ್ಬರ ಕೈ ಹಿಡಿಯದೆ ನೀರಿಗಿಳಿಯುವಂತಿಲ್ಲ, ಮೊಣಕಾಲುದ್ದದ ನೀರಾದರೂ. ಕಾವಲುಗಾರರಿಲ್ಲದ ತೀರದಲ್ಲಿ ಈಜು ದೊಡ್ಡವರಿಗೂ ಇಲ್ಲ.

ಉಳಿದದ್ದು ಚಿಲ್ಲರೆ: ಕಾಲು ತೊಳೆಯಲು ನೀರಿನ ಕ್ಯಾನು, ಹಳೆಯ ಟವಲ್, ಸಿಗ್ನಲ್ ಹೋಗುವ ಜಾಗಕ್ಕೆ ಫೋನಿನಲ್ಲಿ ಇಳಿಸಿಟ್ಟ ನಕ್ಷೆ. ಎರಡು ಗಂಟೆಗೊಮ್ಮೆ ಸನ್‌ಸ್ಕ್ರೀನ್. ಮರಳು ಕೂಡ ಬಿಸಿಲನ್ನು ಮೇಲಕ್ಕೆ ಎಸೆಯುವುದರಿಂದ ಗದ್ದದ ಕೆಳಗೂ ಹಚ್ಚಬೇಕು. ತಿರುಗಿ ಬಂದ ಮೇಲೆ ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ಕಾರಿನ ಅಡಿಭಾಗ ತೊಳೆಸುವುದು ಇವರ ಪಾಲಿಗೆ.

ದೀಪಸ್ತಂಭ ಮಾತ್ರ ಬಗೆಹರಿದಿಲ್ಲ. ಹತ್ತಲೇಬೇಕು ಎಂದು ಇವರು. ಅರ್ಧದಾರಿಯಲ್ಲಿ ಚಿಕ್ಕವನನ್ನು ಹೊರಬೇಕಾದವಳು ನಾನು, ಬೇಡ ಎಂದೆ. ನಾವಿಕರು ಇದು ಯಾವ ಸ್ತಂಭ ಎಂದು ಗುರುತಿಸಲೆಂದು ಒಂದೊಂದರ ಮಿನುಗಿಗೂ ಅದರದೇ ಲಯವಿರುತ್ತದೆ, ಕತ್ತಲಾದ ಮೇಲೆ ಕೆಳಗೆ ಕೂತು ಗಡಿಯಾರ ಹಿಡಿದು ಎಣಿಸೋಣ ಎಂದು ಸಂಧಾನಕ್ಕೆ ನೋಡಿದೆ. ದೊಡ್ಡವಳು ಎರಡೂ ಬೇಕು ಎಂದು ಹೇಳಿ ಮಲಗಿದಳು. ನೂಲಿನ ತುಂಡು ಅವಳ ಮಣಿಕಟ್ಟಿಗೆ ಸುತ್ತಿಕೊಂಡೇ ಇದೆ.