ಹಣೆಯ ಮೇಲೆ ಅಜ್ಜಿ

ಟೊಲುಕಾ, ಮೆಕ್ಸಿಕೊ
ಅಕ್ಟೋಬರ್ 30, 2024, ಬುಧವಾರ ರಾತ್ರಿ

ಫೋನ್ ಇಟ್ಟು ಒಂದು ಗಂಟೆಯಾಯಿತು. ಅಮ್ಮನ ದನಿ ಇನ್ನೂ ಕಿವಿಯಲ್ಲೇ ಇದೆ. "ಬುರುಡೆ ಮೇಲೆ ಅಜ್ಜಿನ ಬರೆದ್ಯಾ? ಬಿಡ್ತು ಅನ್ನು!"

ಅಲ್ಲಿ ಆಗಲೇ ನರಕ ಚತುರ್ದಶಿಯ ಬೆಳಗು. ಅಮ್ಮ ಎಣ್ಣೆನೀರು ಹಾಕಿಕೊಂಡು, ತಲೆಗೆ ಟವೆಲ್ ಸುತ್ತಿಕೊಂಡೇ ಕೂತಿದ್ದಳು. ಹಬ್ಬದ ದಿನ ವಿಡಿಯೊದಲ್ಲಿ ಇದನ್ನು ತೋರಿಸಬಾರದಿತ್ತು.

ಆದರೆ ಅದು ಸಕ್ಕರೆ ಅಮ್ಮಾ, ಬರೀ ಸಕ್ಕರೆ.

ಭಾನುವಾರ ಸೆನ್ಯೋರಾ (ಅಂದರೆ ಇಲ್ಲಿಯ ಮಾತಲ್ಲಿ ಅಮ್ಮಾವ್ರು) ಜೊತೆ ಅಲ್ಫೆನ್ಯೀಕೆ ಜಾತ್ರೆಗೆ ಹೋಗಿದ್ದೆ. ತೀರಿಕೊಂಡವರನ್ನು ಮನೆಗೆ ಕರೆದು ಎಡೆ ಇಡುವ ಇಲ್ಲಿನ ಹಬ್ಬಕ್ಕೆಂದು ನಡೆಯುವ ಸಕ್ಕರೆ ಮಿಠಾಯಿ ಜಾತ್ರೆ ಅದು. ಸಾಲು ಸಾಲು ಸಕ್ಕರೆ ಬುರುಡೆಗಳು. ಮಾಡುವ ಬಗೆಯನ್ನು ಅಂಗಡಿಯವಳು ಕೈಸನ್ನೆಯಲ್ಲೇ ಹೇಳಿದಳು. ನೆನೆಸಿದ ಮಣ್ಣಿನ ಅಚ್ಚಿಗೆ ಕುದಿಯುವ ಪಾಕ ಹೊಯ್ಯುತ್ತಾರೆ. ಅಂಚು ಗಟ್ಟಿಯಾದ ಕೂಡಲೇ ಮಗುಚಿ, ಒಳಗಿನ ಪಾಕ ಸುರಿದುಬಿಡುತ್ತಾರೆ. ಹಾಗಾಗಿ ಬುರುಡೆ ಒಳಗೆ ಟೊಳ್ಳು. ಅಜ್ಜಿ ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುತ್ತಿದ್ದದ್ದೂ ಹೀಗೇ ಅಲ್ವಾ? ಮರದ ಅಚ್ಚು ನೀರಲ್ಲಿ ನೆನೆಸಿ, ರಬ್ಬರ್ ಬ್ಯಾಂಡ್ ಬಿಗಿದು, ಉಸಿರು ಬಿಗಿಹಿಡಿದು ಪಾಕ ಹೊಯ್ಯುತ್ತಿದ್ದಳು. ಸೊಂಡಿಲು ಮುರಿದ ಆನೆಗಳೆಲ್ಲ ನನಗೇ.

ಇವತ್ತು ನಾಲ್ಕು ಗಂಟೆಗೆ ಅಲಂಕಾರಕ್ಕೆ ಕೂತೆವು. ಸೆನ್ಯೋರಾ ಮೊದಲು ಎತ್ತಿಕೊಂಡದ್ದು ಚಿಕ್ಕ ಬುರುಡೆ. ಹಬ್ಬದಲ್ಲಿ ನವೆಂಬರ್ 1 ತೀರಿಕೊಂಡ ಮಕ್ಕಳ ದಿನ, 2 ದೊಡ್ಡವರ ದಿನ. ಕಣ್ಣಿನ ಸುತ್ತ ಹಳದಿ ಐಸಿಂಗಿನ ಎಸಳು, ಗುಳಿಯೊಳಗೆ ಕೆಂಪು ಮಿಂಚುಕಾಗದ. ಯಾರ ಮಗು ಅಂತ ನಾನು ಕೇಳಲಿಲ್ಲ. ಹಣೆಯ ಮೇಲೆ ಹೆಸರು ಬರೆಯುವಾಗ ಅವರ ಕೈ ಒಂಚೂರೂ ನಡುಗಲಿಲ್ಲ.

"ನಿನ್ನ ಅಜ್ಜಿಯ ಹೆಸರು?" ಅಂದರು.

ಹೆಸರು ಗೊತ್ತು. ಆದರೆ ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆದವರಲ್ಲ. ನಾನು ಅದನ್ನು ಜೋರಾಗಿ ಕೇಳಿದ್ದು ಅವಳ ತಿಥಿಯ ದಿನ, ಪುರೋಹಿತರ ಬಾಯಲ್ಲಿ. ಕನ್ನಡದಲ್ಲಿ 'ಅಜ್ಜಿ' ಅಂತಲೇ ಬರೆದೆ. ಐಸಿಂಗ್ ನೀರಾಗಿತ್ತು. ಜ ಒತ್ತು ಹರಡಿ ಎಡಗಣ್ಣಿಗೆ ಇಳಿಯಿತು. ಕಡ್ಡಿಯಿಂದ ಕೆರೆದು ಮತ್ತೆ ಬರೆದೆ.

"ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟಾಯ್ತಲ್ಲ, ಮತ್ತೆ ಯಾಕೆ ಕರೀತೀಯಾ?" ಅಮ್ಮನ ಈ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಅವಳಿಗೆ ಅದು ಅವಳಮ್ಮ. ನನಗಿಂತ ಜಾಸ್ತಿ ಅವಳಿಗೇ ನೋವು.

ಸೆನ್ಯೋರಾ ಬಾಗಿಲಿಂದ ಎಡೆಯ ಮೇಜಿನವರೆಗೆ ಚೆಂಡುಹೂವಿನ ಎಸಳು ಹಾಸುತ್ತಾರಂತೆ, ಬರುವವರಿಗೆ ದಾರಿ ತಪ್ಪದಿರಲಿ ಅಂತ. ನಮ್ಮೂರಿಗೆ ಈ ಹೂವು ಬಂದದ್ದೂ ಈ ನೆಲದಿಂದಲೇ. ಅಮ್ಮನ ಬಾಗಿಲಿಗೂ ಇವತ್ತು ಅದೇ ಹೂವಿನ ಮಾಲೆ.

ಶನಿವಾರ ಅಜ್ಜಿಗೆ ಕಾಫಿಯನ್ನೂ ಇಡಬೇಕು. ಫಿಲ್ಟರ್ ಕಾಫಿ ಅಲ್ಲದಿದ್ದರೆ ಅವಳು ಮುಟ್ಟಲ್ಲ. ಊರಿಂದ ತಂದ ಪುಡಿ ಡಬ್ಬದ ತಳ ಕಾಣುತ್ತಿದೆ. ಒಂದು ಲೋಟಕ್ಕೆ ಆಗಬಹುದು, ಆದರೆ