ರೇಸ್ ಇಲ್ಲದ ತಿಂಗಳುಗಳಲ್ಲಿ ಏನು ಮಾಡ್ತೀಯ?

ಸೀಸನ್ನಿನ ಕೊನೆಯ ರೇಸ್ ಮುಗಿದು ಒಂದು ವಾರ ಆಗುವಷ್ಟರಲ್ಲಿ ಈ ಪ್ರಶ್ನೆ ಬರುತ್ತದೆ. ಜೊತೆಗೆ ಕೆಲಸ ಮಾಡುವವರು ಕೇಳುತ್ತಾರೆ, ನೆಂಟರು ಕೇಳುತ್ತಾರೆ, ಹೊಸದಾಗಿ ಡರ್ಟ್ ಬೈಕ್ ಕೊಂಡ ಹುಡುಗರೂ ಕೇಳುತ್ತಾರೆ. "ಇನ್ನು ಮೂರ್ನಾಲ್ಕು ತಿಂಗಳು ಆರಾಮ ಅಲ್ವಾ?" ಅಂತ. "ಹ್ಞೂಂ, ಸ್ವಲ್ಪ ಪ್ರಾಕ್ಟೀಸು, ಸ್ವಲ್ಪ ವ್ಯಾಯಾಮ" ಎಂದು ಹೇಳಿ ಮಾತು ಮುಗಿಸಿದ್ದೇ ಹೆಚ್ಚು. ಹಾಗೆ ಹೇಳಿದಾಗಲೆಲ್ಲ ಮನಸ್ಸಿಗೆ ಸಮಾಧಾನವಾಗಿಲ್ಲ. ಇವತ್ತು ಪೂರ್ತಿ ಹೇಳಿಬಿಡುತ್ತೇನೆ.

ಈ ವರ್ಷದ ಉತ್ತರ ಒಂದೇ ಸಾಲಿನದು: ಬಲಕ್ಕೆ ತಿರುಗುವುದನ್ನು ಕಲಿಯುತ್ತಿದ್ದೇನೆ.

ಆರು ವರ್ಷ ಮೋಟೋಕ್ರಾಸ್, ಅಂದರೆ ಮಣ್ಣಿನ ಟ್ರ್ಯಾಕಿನ ಬೈಕ್ ರೇಸ್, ಓಡಿಸಿದ ಮೇಲೆ ಇದೇನು ಹೊಸದಾಗಿ ಕಲಿಯುವುದು ಎಂದು ಅನ್ನಿಸಬಹುದು. ಮಣ್ಣಿನ ಟ್ರ್ಯಾಕಿನಲ್ಲಿ ಎಡ ತಿರುವು ಬೇರೆ, ಬಲ ತಿರುವು ಬೇರೆ. ತಿರುವಿನ ಒಳಬದಿಯ ಕಾಲನ್ನು ಪಾದ ಊರುವ ಫುಟ್‌ಪೆಗ್‌ನಿಂದ ತೆಗೆದು ಮುಂದಕ್ಕೆ ಚಾಚಬೇಕು. ಎಡಕ್ಕೆ ತಿರುಗುವಾಗ ಎಡಗಾಲು ಹೊರಗಿರುತ್ತದೆ, ಬಲಗಾಲು ಹಿಂದಿನ ಬ್ರೇಕಿನ ಮೇಲೇ ಉಳಿಯುತ್ತದೆ. ಬಲಕ್ಕೆ ತಿರುಗುವಾಗ ಬ್ರೇಕ್ ಒತ್ತುವ ಆ ಕಾಲೇ ಹೊರಗೆ ಬರಬೇಕು. ಕಾಲು ತೆಗೆದ ಕ್ಷಣದಿಂದ ಹಿಂದಿನ ಬ್ರೇಕ್ ಇಲ್ಲ, ಉಳಿಯುವುದು ಮುಂದಿನ ಬ್ರೇಕ್ ಮಾತ್ರ. ಅದೂ ಥ್ರಾಟಲ್ ತಿರುಗಿಸುವ ಕೈಯಲ್ಲೇ ಇದೆ. ನಾನು ಆರೂ ವರ್ಷ ಮಾಡಿದ್ದು ಒಂದೇ ತಪ್ಪು. ಹಿಂದಿನ ಬ್ರೇಕ್ ಬಿಡಲು ಧೈರ್ಯ ಸಾಲದೆ ಕಾಲನ್ನು ತಡವಾಗಿ ತೆಗೆಯುತ್ತಿದ್ದೆ. ಅಷ್ಟರಲ್ಲಿ ಬೈಕು ವಾಲಬೇಕಾದ ಜಾಗ ದಾಟಿ ಹೊರಕ್ಕೆ ಹೋಗಿರುತ್ತಿತ್ತು. ಎಡ ತಿರುವುಗಳಲ್ಲಿ ನಾನು ಹಿಂದಿಕ್ಕಿದವರು ಬಲ ತಿರುವಿನಲ್ಲಿ ಒಳಗಿನಿಂದ ನುಗ್ಗಿ ಮುಂದೆ ಹೋಗುತ್ತಿದ್ದರು.

ಇದು ನನಗೆ ಮೂರನೆಯ ವರ್ಷವೇ ಗೊತ್ತಿತ್ತು. ಸೀಸನ್ ನಡೆಯುವಾಗ ತಿದ್ದಿಕೊಳ್ಳಲು ಆಗಲಿಲ್ಲ. ವಾರದ ದಿನಗಳಲ್ಲಿ ಕೆಲಸ, ಎರಡು ಮೂರು ವಾರಕ್ಕೊಂದು ರೇಸ್. ನಡುವೆ ಸಿಗುವ ಹೊತ್ತು ಬೈಕು ಸರಿಮಾಡುವುದಕ್ಕೆ, ಮೈನೋವು ಇಳಿಯುವುದಕ್ಕೆ ಹೋಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಅಭ್ಯಾಸವೊಂದನ್ನು ಬದಲಿಸಲು ಹೊರಟರೆ ಮೊದಲು ವೇಗ ಕಡಿಮೆಯಾಗುತ್ತದೆ. ಹಳೆಯದು ಕೈಬಿಟ್ಟಿರುತ್ತದೆ, ಹೊಸದು ಇನ್ನೂ ಮೈಗೆ ಹತ್ತಿರುವುದಿಲ್ಲ. ಅಂಕಗಳು ಲೆಕ್ಕಕ್ಕೆ ಬರುವ ತಿಂಗಳುಗಳಲ್ಲಿ ಯಾರೂ ಬೇಕೆಂದೇ ನಿಧಾನವಾಗಲು ಒಪ್ಪುವುದಿಲ್ಲ, ನಾನೂ ಒಪ್ಪಲಿಲ್ಲ. ಸ್ಟಾರ್ಟಿನ ಗೇಟ್ ಬಿದ್ದಾಗ ಮೈ ತನಗೆ ಗೊತ್ತಿದ್ದನ್ನೇ ಮಾಡುತ್ತದೆ. ಅದಕ್ಕೇ ರೇಸ್ ಇಲ್ಲದ ಈ ತಿಂಗಳುಗಳಿಗೆ ನಾನು ಕಾಯುತ್ತೇನೆ.

ಮೊದಲ ಎರಡು ವಾರ ಬೈಕು ಮುಟ್ಟುವುದಿಲ್ಲ. ನಿಜವಾದ ವಿಶ್ರಾಂತಿ. ನಿದ್ದೆ, ನಡಿಗೆ, ಮನೆಯವರ ಜೊತೆ ವಾರಾಂತ್ಯ. ಸೀಸನ್ ಪೂರ್ತಿ "ಆಮೇಲೆ ನೋಡೋಣ" ಎಂದು ಮುಂದೂಡಿದ ನೋವುಗಳನ್ನು ಫಿಸಿಯೋಥೆರಪಿಯವರಿಗೆ ತೋರಿಸುವುದೂ ಆಗಲೇ. ಎರಡು ವಾರಕ್ಕಿಂತ ಹೆಚ್ಚು ಬಿಡುವುದಿಲ್ಲ, ಯಾಕೆಂದರೆ ಪೂರ್ತಿ ಸುಮ್ಮನಿದ್ದರೆ ಕೆಲವೇ ವಾರಗಳಲ್ಲಿ ದಮ್ಮು ಇಳಿಯತೊಡಗುತ್ತದೆ.

"ಓಡುವುದು ಇಂಜಿನ್ ತಾನೆ, ನಿಂಗೇನು ಆಯಾಸ?" ಎಂದು ಕೇಳುವವರಿದ್ದಾರೆ. ಮೋಟೋಕ್ರಾಸ್ ರೇಸಿನಲ್ಲಿ ಸವಾರನ ಎದೆಬಡಿತ ತನ್ನ ಗರಿಷ್ಠದ ಶೇಕಡಾ 90ರ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಕೊನೆಯವರೆಗೂ ಇರುತ್ತದೆ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಒಂದೊಂದು ಮುಖ್ಯ ಓಟ 30 ನಿಮಿಷ, ಅದರ ಮೇಲೆ ಎರಡು ಲ್ಯಾಪ್. ನಮ್ಮಂಥ ಹವ್ಯಾಸಿಗಳ ಓಟ ಅದರ ಅರ್ಧವೂ ಇರುವುದಿಲ್ಲ, ಆದರೂ ಕೊನೆಯ ಎರಡು ಲ್ಯಾಪಿನಲ್ಲಿ ಕಣ್ಣು ಕಾಣುವುದೇ ಚಕ್ರದ ಮುಂದಿನ ನಾಲ್ಕು ಅಡಿ ಮಾತ್ರ. ಬೀಳುವುದು ಆಗಲೇ. ಹಾಗಾಗಿ ವಾರಕ್ಕೆ ಮೂರು ದಿನ ಸೈಕಲ್, ಅದೂ ಪಕ್ಕದವರ ಜೊತೆ ಮಾತಾಡಿಕೊಂಡು ಹೋಗಬಹುದಾದಷ್ಟು ನಿಧಾನವಾಗಿ. ಈ ನಿಧಾನ ಸವಾರಿಯನ್ನು ಮೊದಲ ವರ್ಷ ನಾನು ನಂಬಲಿಲ್ಲ. ಪ್ರತಿದಿನ ಏದುಸಿರು ಬರುವಷ್ಟು ತುಳಿದು, ಸೀಸನ್ ಶುರುವಾಗುವ ಹೊತ್ತಿಗೆ ಸುಸ್ತಾಗಿ ಹೋಗಿದ್ದೆ. ಈಗ ಮೊದಲ ಎಂಟು ವಾರ ಬುನಾದಿ, ಆಮೇಲಷ್ಟೇ ವಾರಕ್ಕೊಂದು ದಿನ ಕಷ್ಟದ ಏರು.

ಆರ್ಮ್ ಪಂಪ್ ಬಗ್ಗೆಯೂ ಹೇಳಲೇಬೇಕು. ಹೊಸಬರನ್ನು ಇದರಷ್ಟು ಕಂಗೆಡಿಸುವುದು ಇನ್ನೊಂದಿಲ್ಲ. ಮುಂಗೈ ಸ್ನಾಯುಗಳ ಸುತ್ತ ಅಷ್ಟಾಗಿ ಹಿಗ್ಗದ ಪೊರೆಯೊಂದಿದೆ. ಹ್ಯಾಂಡಲನ್ನು ಬಿಗಿಯಾಗಿ ಹಿಡಿದೇ ಇದ್ದರೆ ಒಳಗಿನ ಸ್ನಾಯು ರಕ್ತ ತುಂಬಿ ಊದುತ್ತದೆ, ಪೊರೆ ಜಾಗ ಕೊಡುವುದಿಲ್ಲ, ಒತ್ತಡ ಏರುತ್ತದೆ, ಒಳಗೆ ಬಂದ ರಕ್ತ ಸಲೀಸಾಗಿ ಹೊರಗೆ ಹೋಗಲಾಗುವುದಿಲ್ಲ. ಮುಂಗೈ ಕಲ್ಲಿನಂತಾಗುತ್ತದೆ. ಕ್ಲಚ್ ಎಳೆಯಲು ಹೋದರೆ ಬೆರಳು ಮಾತು ಕೇಳುವುದಿಲ್ಲ. ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಹಿಡಿತ ಗಟ್ಟಿಮಾಡುವ ಸ್ಪ್ರಿಂಗ್ ಕೊಂಡು ದಿನಾ ಒತ್ತಿದೆ. ನನಗೆ ಅದರಿಂದ ಏನೂ ಆಗಲಿಲ್ಲ, ನನ್ನ ಕೊರತೆ ಇದ್ದದ್ದು ಕಾಲಿನಲ್ಲಿ. ಬೈಕನ್ನು ಹಿಡಿಯಬೇಕಾದ್ದು ಮಂಡಿ ಮತ್ತು ಮೀನಖಂಡ. ಅವು ಸೋತಾಗ ಆ ಭಾರವೆಲ್ಲ ಕೈಗೆ ಬರುತ್ತದೆ. ಸೊಂಟದಿಂದ ಬಗ್ಗಿ, ಮಂಡಿ ತುಸು ಮಡಚಿ, ಟ್ಯಾಂಕನ್ನು ತೊಡೆ ಮಂಡಿಗಳಲ್ಲಿ ಅವುಚಿ ನಿಂತರೆ ಕೈಗಳು ಹಗುರಾಗುತ್ತವೆ. ಆದ್ದರಿಂದ ಈಗ ನನ್ನ ವ್ಯಾಯಾಮದ ಬಹುಪಾಲು ಸ್ಕ್ವಾಟ್, ಡೆಡ್‌ಲಿಫ್ಟ್, ಒಂದೇ ಕಾಲಿನ ಮೇಲೆ ನಿಲ್ಲುವ ಕಸರತ್ತು. ಉಸಿರಿನ ಮೇಲೆ ಗಮನ ಇಡುವುದನ್ನೂ ಕಲಿಯಬೇಕು. ಸ್ಟಾರ್ಟ್‌ನಿಂದ ಮೊದಲ ತಿರುವಿನವರೆಗೆ ನಾನು ಉಸಿರು ಕಟ್ಟಿಕೊಂಡೇ ಹೋಗುತ್ತೇನೆಂದು ಹೆಲ್ಮೆಟ್ ಕ್ಯಾಮೆರಾದ ಧ್ವನಿ ಕೇಳಿದ ಮೇಲೇ ಗೊತ್ತಾದದ್ದು.

ಇನ್ನು ಬಲ ತಿರುವು. ಸಮತಟ್ಟಾದ ಮಣ್ಣಿನ ಮೇಲೆ ಸುಮಾರು ಹದಿನೈದು ಹೆಜ್ಜೆ ಅಂತರದಲ್ಲಿ ಎರಡು ಹಳೆ ಟೈರು ಇಟ್ಟು, ಅವುಗಳ ಸುತ್ತ ಕನ್ನಡದ ಎಂಟರ ಆಕಾರವಲ್ಲ, ಇಂಗ್ಲಿಷ್ ಎಂಟರ ಆಕಾರದಲ್ಲಿ ಸುತ್ತುವುದು. ಇಷ್ಟೇ ಅಭ್ಯಾಸ. ಮೊದಲ ಮೂರು ವಾರ ಎರಡನೇ ಗೇರಿನಲ್ಲಿ, ಯಾವ ಅವಸರವೂ ಇಲ್ಲದೆ. ಬ್ರೇಕೆಲ್ಲ ನಿಂತೇ, ಬೈಕು ನೆಟ್ಟಗಿರುವಾಗಲೇ ಮುಗಿಯಬೇಕು. ಆಮೇಲೆ ಸೀಟಿನ ಮುಂಭಾಗಕ್ಕೆ ಬಂದು ಕೂರಬೇಕು, ಟ್ಯಾಂಕಿಗೆ ತಾಗುವಷ್ಟು ಮುಂದೆ. ಬಲಗಾಲು ಮುಂದಿನ ಚಕ್ರದ ಆಕ್ಸಲ್ ಕಡೆಗೆ ಚಾಚಿ, ಕಾಲ್ಬೆರಳು ಮೇಲೆತ್ತಿ. ಕಾಲು ಕೆಳಗೆ ಜೋತುಬಿದ್ದರೆ ಹಿಮ್ಮಡಿ ಕೊರಕಲಿಗೆ ಸಿಕ್ಕಿ ಮಂಡಿ ತಿರುಚುತ್ತದೆ. ಎಡ ಮೊಣಕೈ ಮೇಲೆ, ಎಡಗಾಲಿನ ಭಾರ ಪೂರ್ತಿ ಫುಟ್‌ಪೆಗ್ ಮೇಲೆ. ಕಣ್ಣು ತಿರುವಿನ ಆಚೆ ತುದಿಗೆ.

ಇದನ್ನೆಲ್ಲ ಬರೆಯುವುದು ಸುಲಭ. ಮೊಬೈಲಿನಲ್ಲಿ ತೆಗೆದ ವಿಡಿಯೋ ನೋಡಿದರೆ ಕಾಲು ಇನ್ನೂ ಅರ್ಧ ಸೆಕೆಂಡ್ ತಡ. ಜೊತೆಗೆ ಬರುವ ಹಿರಿಯ ಸವಾರರೊಬ್ಬರು ನೋಡಿ, "ಕಾಲಿನ ಚಿಂತೆ ಬಿಡಪ್ಪ, ನೀನು ಬ್ರೇಕ್ ಹಿಡಿಯೋದೇ ತಡ. ಐದು ಹೆಜ್ಜೆ ಮುಂಚೆ ಹಿಡಿ, ಕಾಲು ತಾನಾಗೇ ಬರುತ್ತೆ" ಅಂದರು. ನೆಲದ ಮೇಲೆ ಒಂದು ಕೋಲು ನೆಟ್ಟು ಅಲ್ಲಿಂದಲೇ ಬ್ರೇಕ್ ಹಿಡಿಯತೊಡಗಿದೆ. ಆರು ವರ್ಷ ಕಾಲನ್ನು ದೂರಿದ್ದೆ, ತಪ್ಪಿದ್ದದ್ದು ಅದಕ್ಕೂ ಹಿಂದೆ. ಆ ಸಂಜೆ ಮೊದಲ ಬಾರಿ ಬಲ ತಿರುವಿನಲ್ಲಿ ಬೈಕು ತಾನಾಗಿ ವಾಲಿ ಬಂದಾಗ ಆದ ಸಂತೋಷ ನನಗೆ ಯಾವ ಟ್ರೋಫಿಯಿಂದಲೂ ಆಗಿರಲಿಲ್ಲ.

ಈ ಅವಧಿಯಲ್ಲಿ ರೇಸೂ ಮಾಡುತ್ತೇನೆ. ಅದನ್ನು ಕೇಳಿ ಹಲವರಿಗೆ ಅಚ್ಚರಿ. ಚಾಂಪಿಯನ್‌ಶಿಪ್ ಅಂಕಗಳಿಲ್ಲದ ಸಣ್ಣ ರೇಸುಗಳು, ಸಾಧ್ಯವಾದಷ್ಟು ನನ್ನದಲ್ಲದ ವಿಭಾಗದಲ್ಲಿ. ಈ ಸಲ ಎರಡು ಗಂಟೆಯ ಕ್ರಾಸ್ ಕಂಟ್ರಿಗೆ ಹೆಸರು ಕೊಟ್ಟೆ. ಮರಗಳ ನಡುವೆ ಸಾಗುವ ದಾರಿ, ಕಲ್ಲು, ಬೇರು, ಕೆಸರು. ಹೋಗುವ ಮುಂಚೆಯೇ ಒಂದು ನಿರ್ಧಾರ: ಎಷ್ಟನೇ ಸ್ಥಾನ ಎಂದು ನೋಡುವುದಿಲ್ಲ, ಬಲ ತಿರುವುಗಳಲ್ಲಿ ಬ್ರೇಕ್ ಮುಂಚೆಯೇ ಹಿಡಿದೆನಾ ಎಂದು ಮಾತ್ರ ನೋಡುತ್ತೇನೆ. ಮೊದಲ ಒಂದು ಗಂಟೆ ಹಿಡಿದೆ. ದಣಿವು ಶುರುವಾದದ್ದೇ ತಡ, ಹಳೆಯ ಅಭ್ಯಾಸ ಮರಳಿ ಬಂತು. ಎರಡು ಸಲ ಬಿದ್ದೆ, ಎರಡೂ ಬಲ ತಿರುವಿನಲ್ಲೇ. ಕಲಿತದ್ದು ಮೈಗೆ ಎಷ್ಟು ಇಳಿದಿದೆ ಎಂದು ದಣಿದಾಗಲೇ ತಿಳಿಯುವುದು. ಒಬ್ಬನೇ ಎಂಟರ ಆಕಾರ ಸುತ್ತುತ್ತಿದ್ದರೆ ಇದು ನನಗೆ ತಿಳಿಯುತ್ತಲೇ ಇರಲಿಲ್ಲ.

ಬೈಕಿನ ಕೆಲಸವೂ ಇದೆ. ಏರ್ ಫಿಲ್ಟರ್, ಬೇರಿಂಗ್, ಚೈನು, ಚಕ್ರದ ಸಡಿಲವಾದ ಕಡ್ಡಿಗಳು, ಹಳೆಯ ಫೋರ್ಕ್ ಆಯಿಲ್. ಇವುಗಳಲ್ಲಿ ಹೊಸಬರು ಮರೆಯುವುದು ಸ್ಯಾಗ್. ಪೂರ್ತಿ ಗೇರ್ ಹಾಕಿಕೊಂಡು ಬೈಕಿನ ಮೇಲೆ ನಿಂತಾಗ ಹಿಂಭಾಗ ಎಷ್ಟು ಇಳಿಯುತ್ತದೆ ಎಂಬ ಅಳತೆ ಅದು. ದೊಡ್ಡವರ ಮೋಟೋಕ್ರಾಸ್ ಬೈಕುಗಳಲ್ಲಿ ಸಾಮಾನ್ಯವಾಗಿ 100ರಿಂದ 105 ಮಿಲಿಮೀಟರ್. ಬಿಡುವಿನಲ್ಲಿ ನಮ್ಮ ತೂಕ ಬದಲಾದರೆ ಅದೂ ಬದಲಾಗುತ್ತದೆ, ಬೈಕು ತಿರುಗುವ ರೀತಿಯೂ ಬದಲಾಗುತ್ತದೆ. ಟೈರು ಬಿಚ್ಚಿ ಹಾಕುವುದನ್ನೂ ಗಡಿಯಾರ ಇಟ್ಟುಕೊಂಡು ಕಲಿಯುತ್ತಿದ್ದೇನೆ. 1913ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಸಿಕ್ಸ್ ಡೇಸ್ ಎಂಡ್ಯೂರೋ ಎಂಬ ದೂರದ ಬೈಕ್ ರೇಸಿನಲ್ಲಿ ಆರು ದಿನವೂ ಸವಾರರೇ ತಮ್ಮ ಕೈಯಾರೆ ಟೈರು ಬದಲಿಸಿ, ರಿಪೇರಿ ಮಾಡಿಕೊಂಡು ಮುಂದೆ ಹೋಗಬೇಕು. ಅಲ್ಲಿಗೆ ಹೋಗುವ ಮಟ್ಟ ನನ್ನದಲ್ಲ. ಆದರೆ ಆ ಶಿಸ್ತು ನನಗೆ ಇಷ್ಟ. ಹಿಂದಿನ ಟೈರಿಗೆ ಮೊದಲ ಸಲ 31 ನಿಮಿಷ ಹಿಡಿದಿತ್ತು, ಕಳೆದ ವಾರ 14.

"ಸಂಬಳ ಬರಲ್ಲ, ಹೆಸರು ಬರಲ್ಲ, ಇಷ್ಟೆಲ್ಲ ಯಾಕೆ?" ಅನ್ನುವುದು ಈ ಪ್ರಶ್ನೆಯ ಬೆನ್ನಿಗೇ ಬರುವ ಇನ್ನೊಂದು. ಇದಕ್ಕೆ ನನ್ನ ಹತ್ತಿರ ಉದ್ದದ ಉತ್ತರವಿಲ್ಲ. ನನಗೆ ಬಾರದಿದ್ದುದೊಂದು ಬರುವಂತಾಗುವುದನ್ನು ಕಣ್ಣಾರೆ ನೋಡುವುದು ನನಗೆ ಬಹಳ ಪ್ರಿಯ. ಬೇರೆ ಕೆಲಸಗಳಲ್ಲಿ ಅದು ಇಷ್ಟು ಸ್ಪಷ್ಟವಾಗಿ ಕಾಣಿಸುವುದಿಲ್ಲ. ಇಲ್ಲಿ ಮಣ್ಣಿನ ಮೇಲೆ ಚಕ್ರದ ಗೆರೆ ಬಿದ್ದಿರುತ್ತದೆ: ಹೋದ ತಿಂಗಳು ಟೈರಿನಿಂದ ಎಂಟು ಅಡಿ ಹೊರಗೆ, ಈಗ ಮೂರು ಅಡಿ.

ಮೊದಲ ರೇಸಿಗೆ ಇನ್ನು ಏಳು ವಾರವಿದೆ. ಈ ಶನಿವಾರದಿಂದ ಅಭ್ಯಾಸದ ಕ್ರಮ ಬದಲಾಗುತ್ತದೆ. ಮೊದಲು ಒಂದು ಗಂಟೆ ಸೈಕಲ್ ತುಳಿದು, ಕಾಲು ಸೋತ ಮೇಲೆ ಬೈಕು ಹತ್ತಿ ಎಂಟರ ಆಕಾರ ಸುತ್ತುತ್ತೇನೆ. ಕೋಲನ್ನು ಈ ಸಲ ನೆಡುವುದಿಲ್ಲ.