ಆಯುಧಪೂಜೆ ರಾತ್ರಿಯ ಊಟ

ರಜೆ ಇದೆ, ಎಲ್ಲಾದರೂ ಹೊಸ ಕಡೆ ಊಟಕ್ಕೆ ಹೋಗೋಣ ಅಂತ ನಾನೇ ಹಟ ಹಿಡಿದಿದ್ದೆ. ಸಿಕ್ಕಿದ್ದು ಮಹಡಿ ಮೇಲಿನ ಒಂದು ಹೋಟೆಲ್. ಕೆಳಗೆ ಕಾರುಗಳ ಸಾಲು, ನಡುವೆ ಬಾಳೆಕಂದು ಕಟ್ಟಿಕೊಂಡ ನಮ್ಮ ಸ್ಕೂಟರ್. ಇವರ ಬಿಳಿ ಶರ್ಟಿನ ತೋಳಿಗೆ ಬೆಳಗ್ಗೆ ಬೂದುಗುಂಬಳಕ್ಕೆ ಹಾಕಿದ ಕುಂಕುಮ ಹಾಗೇ ಅಂಟಿತ್ತು.

ಟೇಬಲ್ ಮೇಲೆ ಗುಲಾಬಿ, ಮೇಣದಬತ್ತಿ. "ಆ್ಯನಿವರ್ಸರಿನಾ ಸಾರ್?" ಅಂದ ಹುಡುಗ. "ಇಲ್ಲಪ್ಪ, ಆಯುಧಪೂಜೆ" ಅಂದರು ಇವರು!

ದೂರದಲ್ಲಿ ಅರಮನೆ ಝಗಮಗ. ಸುಮಾರು 1 ಲಕ್ಷ ಬಲ್ಬು, ಎಷ್ಟು ಸಲ ನೋಡಿದರೂ ಬಾಯಿ ಬಿಟ್ಟುಕೊಂಡೇ ನೋಡುತ್ತೇನೆ. ಈಗಲಾದರೂ ಏನಾದರೂ ಹೇಳುತ್ತಾರೆ ಅಂತ ಕಾದೆ. ಇವರು ಮೇಣದಬತ್ತಿಯನ್ನು ನನ್ನ ಸೆರಗಿನಿಂದ ಆಚೆ ಸರಿಸಿ, "ಹಳೇ ಮರದ ಅರಮನೆ 1897ರಲ್ಲಿ ಮದುವೆ ಗಲಾಟೆಯಲ್ಲೇ ಸುಟ್ಟುಹೋಯ್ತು ಕಣೇ, ಗೊತ್ತಾ?" ಅಂದರು. ಈ ಅರಮನೆ ಮುಗಿದದ್ದು 1912ರಲ್ಲಂತೆ. ಅದನ್ನೂ ಹೇಳಿದರು.

ಹೆಸರು ಹೇಳಲು ಬಾರದ ಯಾವುದೋ ಪಾಸ್ತಾ ಬಂತು. ಉಪ್ಪು ಕಮ್ಮಿ, ಚೀಸ್ ಜಾಸ್ತಿ. ಬಿಲ್ ಬಗ್ಗೆ ಬರೆಯುವುದಿಲ್ಲ, ಹಬ್ಬದ ದಿನ ಬೇಡ.

ಮನೆಗೆ ಬಂದು ಬಟ್ಟೆ ನೆನೆಸುವಾಗ ಇವರ ಜೇಬಿನಲ್ಲಿ ಏನೋ ಮೆತ್ತಗೆ ಸಿಕ್ಕಿತು. ಟೇಬಲ್ ಮೇಲಿದ್ದ ಗುಲಾಬಿ, ಟಿಶ್ಯೂನಲ್ಲಿ ಸುತ್ತಿಟ್ಟಿದ್ದರು. ಕೊಡೋಕೆ ನಾಚಿಕೆಯೋ, ಮರೆತೇಹೋಯಿತೋ? ಕೇಳಲಿಲ್ಲ. ಮುಡಿಯಲು ದಳ ಉಳಿದಿರಲಿಲ್ಲ, ಸುಮ್ನೆ ದೇವರ ಮುಂದಿಟ್ಟೆ. ಕುಂಕುಮದ ಕಲೆ ಮಾತ್ರ ಇನ್ನೂ ಹೋಗಿಲ್ಲ.